ಬೆಂಚಿಗೊಂದೇ ಪಿಪೆಟ್ಟು

ಪಿಪೆಟ್ಟಿನ ನೆತ್ತಿಗೆ ರಬ್ಬರ್ ಬುರುಡೆ ಸಿಕ್ಕಿಸಿ ಒತ್ತಿಬಿಟ್ಟರೆ ದ್ರಾವಣ ತಾನಾಗಿ ಮೇಲೇರುವ ಕಾಲದಲ್ಲಿ ನೀವು ಕಲಿತಿರಿ. ನಾವು ಬಾಯಲ್ಲಿ ಎಳೆದವರು. ಹೊಟ್ಟೆ ಉಬ್ಬಿದ ಆ ಉದ್ದನೆಯ ಗಾಜಿನ ಕೊಳವೆಯ ಒಂದು ತುದಿಯನ್ನು ದ್ರಾವಣದಲ್ಲಿಟ್ಟು, ಇನ್ನೊಂದಕ್ಕೆ ತುಟಿ ಕೊಟ್ಟು, ಗೆರೆ ದಾಟುವ ತನಕ ಹೀರಿ, ಥಟ್ಟನೆ ಬೆರಳು ಮುಚ್ಚಬೇಕು. ಒಂದು ಗಳಿಗೆ ಮೈಮರೆತರೆ ಬಟ್ಟೆ ಒಗೆಯುವ ಸೋಡಾದ ನೀರು ಬಾಯಿಗೆ. ನಾನು ಎಷ್ಟು ಸಲ ಕುಡಿದಿದ್ದೇನೋ ಲೆಕ್ಕವಿಟ್ಟಿಲ್ಲ. ಇಷ್ಟು ವಯಸ್ಸಾದರೂ ಹೊಟ್ಟೆ ಚೆನ್ನಾಗಿದೆ.

ರಸಾಯನಶಾಸ್ತ್ರದ ಲ್ಯಾಬಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದಾಗ "ಏನಾದರೂ ಬುದ್ಧಿ ಹೇಳಿ ಮೇಡಂ" ಅನ್ನುತ್ತಾರೆ. ಬುದ್ಧಿ ಹೇಳುವುದರಲ್ಲಿ ನಾನು ಯಾವತ್ತೂ ಕೈ ಹಿಡಿತ ಮಾಡಿದವಳಲ್ಲ. ಆದರೆ ಬುದ್ಧಿವಾದ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ, ನಡೆದ ಸಂಗತಿ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಯಾವಾಗ ಲೆಕ್ಚರರ್ ಆದೆ, ಯಾವಾಗ ರೀಡರ್ ಆದೆ ಎಂಬುದನ್ನು ಕೇಳಬೇಡಿ. ಕೂತ ಕಡೆ ಕೂತಿದ್ದರೆ ಅವೆಲ್ಲ ಎಲ್ಲರಿಗೂ ಆಗುವಂಥವು.

ಅರವತ್ತರ ದಶಕದ ಮೊದಲ ವರ್ಷಗಳು. ಹಾಸನದ ಒಂದು ಕಾಲೇಜಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್, ಅದೂ ಟೆಂಪರರಿ. ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸು. ಪಿಯುಸಿ ಹುಡುಗರಿಗೆ ಲ್ಯಾಬು ಎಂದರೇನೆಂದು ತೋರಿಸುವುದು ನನ್ನ ಪಾಲಿನ ಕೆಲಸ. ಅಲ್ಲಿಯವರೆಗೆ ಗಂಡು ಮೇಷ್ಟ್ರುಗಳನ್ನೇ ಕಂಡಿದ್ದ ಹುಡುಗರು ಅಭ್ಯಾಸಬಲದಿಂದ "ಸಾ" ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು "ಅಲ್ಲ, ಮೇಡಂ" ಎಂದು ಮುಗಿಸುತ್ತಿದ್ದರು. "ಸಾ ಅಂದರೂ ಬೇಜಾರಿಲ್ಲ ಕಣ್ರೋ, ಆಸಿಡ್ ಬಾಟಲಿ ಮುಚ್ಚಳ ಅದಲು ಬದಲು ಮಾಡಬೇಡಿ" ಅನ್ನುತ್ತಿದ್ದೆ. ಬನ್ಸನ್ ಬರ್ನರಿಗೆ ಗ್ಯಾಸ್ ಬಂದ ದಿನ ಹಬ್ಬ. ಬಾರದ ದಿನ ಸ್ಪಿರಿಟ್ ದೀಪದಲ್ಲೇ ಜೀವನ. ಮೂಲೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಿಡುವ ಗ್ಯಾಸಿನ ಯಂತ್ರ. ಮೊದಲ ದಿನ ಅದರ ವಾಸನೆ ಕುಡಿದ ಹುಡುಗರಲ್ಲಿ ಒಬ್ಬಿಬ್ಬರು ಮಾರನೆಯ ದಿನವೇ ಆರ್ಟ್ಸಿಗೆ ಓಡುತ್ತಿದ್ದರು. ಉಳಿದವರು ನಮ್ಮವರು.

ಹಾಗೆ ಉಳಿದವರಲ್ಲಿ ನಂಜೇಗೌಡ ಒಬ್ಬ. ಅರಕಲಗೂಡಿನ ಕಡೆ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವ ದೊಡ್ಡ ಹಿಡುವಳಿಯ ಮನೆ ಅವರದು. ಇಸ್ತ್ರಿ ಮಾಡಿದ ಪ್ಯಾಂಟು, ಕೈಗೆ ಗಡಿಯಾರ. ಡಾಕ್ಟರಾಗಬೇಕೆಂದು ಬಂದವನು, ಆಗುವ ತಲೆಯೂ ಇತ್ತು. ಕಾಗದದಲ್ಲಿ ಲವಣದ ಪುಡಿ ಕಟ್ಟಿಕೊಟ್ಟು ಇದೇನೆಂದು ಪರೀಕ್ಷೆ ಮಾಡಿ ಹೇಳಿ ಎಂದ ದಿನ, ಅವನು ಪೊಟ್ಟಣ ಬಿಚ್ಚಿ ನೀಲಿ ಪುಡಿ ಕಂಡವನೇ ಹೇಳಿಬಿಟ್ಟ:

"ಮೈಲುತುತ್ತ ಕಣ್ ಮೇಡಂ. ನಮ್ಮನೇಲಿ ಮೂಟೇಲೈತೆ. ಸುಣ್ಣ ಕಲಸಿ ಆಲೂಗಡ್ಡೆ ಒಲಕ್ಕೆ ಒಡೀತೀವಿ."

ಒಂದು ಪರೀಕ್ಷೆಯನ್ನೂ ಮಾಡದೆ ಉತ್ತರ ಬರೆದಿಟ್ಟು ಕಿಟಕಿಯಲ್ಲಿ ಹೊರಗೆ ನೋಡುತ್ತ ನಿಂತ. ಮುಂದಿನ ವಾರ ಅದೇ ಮೈಲುತುತ್ತವನ್ನು ಕಾಯಿಸಿ, ನೀರಿನಂಶ ಹಾರಿಸಿ, ಬೆಳ್ಳಗೆ ಮಾಡಿ ಅವನ ಪೊಟ್ಟಣದಲ್ಲಿಟ್ಟೆ. "ಇದು ಸುಣ್ಣ" ಎಂದ, ಅದೇ ಗತ್ತಿನಲ್ಲಿ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಬಿಳಿ ಪುಡಿ ಅವನ ಕಣ್ಣೆದುರಿಗೇ ನೀಲಿಯಾಯಿತು. ಗೌಡ ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಅವತ್ತಿನಿಂದ ಒಂದು ಪರೀಕ್ಷೆಯನ್ನೂ ಬಿಟ್ಟವನಲ್ಲ. ಹುಡುಗ ಕೆಟ್ಟವನಲ್ಲ ಎಂಬುದು ನಿಮಗೆ ಗೊತ್ತಿರಲಿ ಎಂದೇ ಇದನ್ನು ಮೊದಲು ಹೇಳಿದೆ.

ಅದೇ ಬೆಂಚಿನಲ್ಲಿ ಅವನ ಜೊತೆಗಾರ ಸಿದ್ದಯ್ಯ. ಕೊರವಂಗಲದ ಪಕ್ಕದ ಹಳ್ಳಿಯ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಅಪ್ಪ ಕೂಲಿ ಮಾಡಿ ಓದಿಸುತ್ತಿದ್ದರು. ಹಾಜರಿಯ ಅಕ್ಷರಕ್ರಮದಲ್ಲಿ ಇವರಿಬ್ಬರು ಜೋಡಿಯಾಗುವಂತಿರಲಿಲ್ಲ, ಕೊನೆಗೆ ಉಳಿದ ಇಬ್ಬರನ್ನು ಉಳಿದ ಬೆಂಚಿಗೆ ಹಾಕಿದೆ, ಅಷ್ಟೆ. ಸಿದ್ದಯ್ಯನದು ದೊಡ್ಡ ಕೈ. ತುದಿಯಲ್ಲಿ ತಿರುಪು ಇರುವ ಬ್ಯುರೆಟ್ಟಿನ ಕೊಳವೆಯಿಂದ ಆಸಿಡ್ಡನ್ನು ಹನಿಹನಿಯಾಗಿ ಬಿಡುವ ಬದಲು ಧಾರೆಯಾಗಿ ಬಿಟ್ಟು, ಫ್ಲಾಸ್ಕಿಗೆ ಅಳೆದು ಹಾಕಿದ, ಬಣ್ಣ ಬೆರೆಸಿದ ಸೋಡಾದ ಹಳದಿ ನಸುಗೆಂಪಾಗುವಲ್ಲಿಗೆ ನಿಲ್ಲಿಸದೆ ಕುಂಕುಮದ ನೀರು ಮಾಡಿಬಿಡುತ್ತಿದ್ದ. ಬೈದರೆ ತಲೆ ಕೆರೆದುಕೊಂಡು ಮತ್ತೆ ಶುರುಮಾಡುತ್ತಿದ್ದ. ಬೈಸಿಕೊಂಡು ಮುಖ ಊದಿಸಿಕೊಳ್ಳದ ವಿದ್ಯಾರ್ಥಿ ಸಿಕ್ಕರೆ ಮೇಷ್ಟರ ಪುಣ್ಯ.

ಇನ್ನು ಪಿಪೆಟ್ಟು. ಇಬ್ಬರಿದ್ದ ಬೆಂಚಿಗೆ ಒಂದೇ ಪಿಪೆಟ್ಟು. ಲೋಟವನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ ಗಂಟಲಿಗೆ ನೀರು ಬಿಟ್ಟುಕೊಳ್ಳುವ ಮನೆಗಳಿಂದ ಬಂದ ಹುಡುಗರು ಇನ್ನೊಬ್ಬ ಬಾಯಿಟ್ಟ ಕೊಳವೆಗೆ ಬಾಯಿಡಬೇಕು! ಮೊದಲ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೇ ಹೀರಿ ತೋರಿಸಿದ ಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಪ್ರತಿಸಲ ಒಮ್ಮೆ ನಲ್ಲಿಯಲ್ಲಿ ಜಾಲಿಸಿಕೊಳ್ಳುವುದು ಅಲ್ಲಲ್ಲಿ ನಡೆದೇ ಇತ್ತು. ನಂಜೇಗೌಡ ಮಾತ್ರ ಸಿದ್ದಯ್ಯ ಮುಟ್ಟಿದ ಮೇಲೆ ಪಿಪೆಟ್ಟನ್ನು ನಲ್ಲಿಯ ಕೆಳಗೆ ಹಿಡಿದರೆ ಬಿಡುತ್ತಲೇ ಇರಲಿಲ್ಲ. ನೆತ್ತಿಯಿಂದ ಬಿದ್ದ ನೀರು ಬುಡದಿಂದ ಸುರಿದುಹೋಗುತ್ತಿತ್ತು. ಪಕ್ಕದಲ್ಲಿ ಸಿದ್ದಯ್ಯ ಆ ನೀರಿನ ಸದ್ದು ಕೇಳಿಸಿಕೊಂಡು ನಿಂತಿರುತ್ತಿದ್ದ.

ಕೆಲವು ವಾರದ ಮೇಲೆ ಗೌಡ ನೇರವಾಗಿ ನಮ್ಮ ಮುಖ್ಯಸ್ಥರ ಹತ್ತಿರ ಹೋಗಿ ಬೆಂಚು ಬದಲಿಸಿಕೊಡಿ ಎಂದು ಕೇಳಿದ. ಮುಖ್ಯಸ್ಥರು ಕೃಷ್ಣಮೂರ್ತಿಗಳು, ಚನ್ನರಾಯಪಟ್ಟಣದವರು. ಕಚ್ಚೆಪಂಚೆ, ಕರಿಕೋಟು. ನಾನು ಕಂಡವರಲ್ಲಿ ಅವರಷ್ಟು ಶುದ್ಧವಾಗಿ ಕೆಲಸ ಮಾಡುವ ಕೆಮಿಸ್ಟ್ ಇನ್ನೊಬ್ಬರಿಲ್ಲ. ಆದರೆ ಗಲಾಟೆ ಎಂದರೆ ಅವರಿಗೆ ಜ್ವರ ಬರುತ್ತಿತ್ತು. ಒಬ್ಬನ ಬೆಂಚು ಬದಲಿಸಿದರೆ ಇನ್ನೊಬ್ಬ ಅಲ್ಲಿಗೆ ಬರಲೊಲ್ಲ ಎನ್ನುತ್ತಾನೆ ಎಂದು ಯೋಚಿಸಿ, ಬೀರುವಿನಿಂದ ಒಂದು ಪಿಪೆಟ್ಟು ತೆಗೆದು, ಅದರ ಕತ್ತಿಗೆ ತಾವೇ ಕೆಂಪು ದಾರ ಕಟ್ಟಿ ನನ್ನ ಮೇಜಿನ ಮೇಲಿಟ್ಟರು.

"ಇದು ಆ ಹುಡುಗನಿಗೆ ಇರಲಮ್ಮ. ಅವನಿಗೂ ಅನುಕೂಲ, ಬೇರೆಯವರಿಗೂ ನೆಮ್ಮದಿ."

"ಹೋಟೆಲ್ಲಿನ ಹೊರಗೆ ಬೇರೆ ಲೋಟ ಇಟ್ಟ ಹಾಗಾಯ್ತಲ್ಲ ಸರ್?"

"ನೀನು ಪ್ರಾಕ್ಟಿಕಲ್ಸ್ ಮಾಡಿಸೋಕೆ ಬಂದಿದೀಯೋ, ಊರು ತಿದ್ದೋಕೆ ಬಂದಿದೀಯೋ? ನಿಂದಿನ್ನೂ ಟೆಂಪರರಿ, ನೆನಪಿರಲಿ."

ನೆನಪಿತ್ತು. ಸಿಟ್ಟೂ ಬಂದಿತ್ತು. ಏನು ಉತ್ತರ ಕೊಡುತ್ತಿದ್ದೆನೋ, ಅಷ್ಟರಲ್ಲಿ ಮಧ್ಯಾಹ್ನದ ಬ್ಯಾಚು ಒಳಗೆ ಬಂತು. ನಾನು ಆ ಪಿಪೆಟ್ಟನ್ನು ಯಾರಿಗೂ ಕೊಡಲಿಲ್ಲ, ಆದರೆ ಮೇಜಿನ ಮೇಲಿದ್ದುದನ್ನು ಎಲ್ಲರೂ ನೋಡಿದರು. ಯಾರಿಗೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಲ್ಯಾಬು ಮುಗಿದ ಮೇಲೆ ಸಿದ್ದಯ್ಯ ಹಿಂದೆ ಉಳಿದ.

"ಮೇಡಂ, ನಾನು ಆರ್ಟ್ಸಿಗೆ ಓಗ್ತೀನಿ."

"ಯಾಕೋ?"

"ನಮ್ಮೂರ್ ಓಟ್ಲಲ್ಲಿ ನಂಗೆ ಬ್ಯಾರೆ ಲೋಟ ಐತೆ. ಅದ ನಾನೇ ತೊಳ್ದು ನಾನೇ ಇಡಬೇಕು. ಇಲ್ಲೂವೆ ಬ್ಯಾರೆ ಪಿಪೆಟ್ ಇಡ್ಕಂಡು ಎಲ್ಲಾರ್ ಮುಂದೆ ನಿಂತ್ಕಳಾಕೆ ನನ್ ಕೈಲಾಗಾಕಿಲ್ಲ. ಆರ್ಟ್ಸಲ್ಲಿ ಪುಸ್ತಕ ತಾನೇ, ಬಾಯಿಡಂಗಿಲ್ಲ."

ಅವನು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಸುಲಭವಾಗುತ್ತಿತ್ತು. "ಮುಂದಿನ ಲ್ಯಾಬಿಗೆ ಒಂದು ಸಲ ಬಾ. ಆ ದಾರದ ಪಿಪೆಟ್ಟು ನಿನ್ನ ಕೈಗೆ ಬಂದರೆ ಆಮೇಲೆ ಆರ್ಟ್ಸಿಗಾದರೂ ಹೋಗು, ಎಲ್ಲಿಗಾದರೂ ಹೋಗು" ಎಂದೆ. ತಲೆಯಾಡಿಸಿದ. ನಂಬಿದಂತೆ ಕಾಣಲಿಲ್ಲ.

ಮನೆಗೆ ಬಂದರೆ ನಮ್ಮಮ್ಮ ಎಂದಿನಂತೆ ಹಿತ್ತಲ ಬಾಗಿಲಲ್ಲೇ ತಡೆದು ಬಚ್ಚಲಿಗೆ ಅಟ್ಟಿದಳು. ಲ್ಯಾಬಿನ ಸೀರೆಯಲ್ಲಿ ನಡುಮನೆಗೆ ಹೋಗುವಂತಿರಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು:

"ಅಲ್ವೇ, ಯಾರ್ ಯಾರೋ ಬಾಯಿಟ್ಟ ಕೊಳವೆಗೆ ನೀನೂ ಬಾಯಿಡ್ತೀಯಂತಲ್ಲೇ? ರೈಲಿನಲ್ಲಿ ಹುಡುಗರು ಹೇಳ್ಕೊಂಡು ನಗ್ತಿದ್ರಂತೆ."

"ಹೂಂನಮ್ಮ. ಸಂಬಳ ಕೊಡೋದೇ ಅದಕ್ಕೆ."

"ತೊಳಕೊಂಡಾದ್ರೂ ಇಡ್ತೀಯೋ ಇಲ್ವೋ?"

"ತೊಳೆದರೆ ರೀಡಿಂಗ್ ಕೆಟ್ಟುಹೋಗುತ್ತೆ" ಎಂದೆ. ಅಂದ ಮೇಲೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕೆಲವು ವಾರಗಳಿಂದ ನಂಜೇಗೌಡನ ರೀಡಿಂಗು, ಅಂದರೆ ಸೋಡಾಕ್ಕೆ ಹಿಡಿದ ಆಸಿಡ್ಡಿನ ಅಳತೆ, ಒಂದಕ್ಕೊಂದು ಕೂಡುತ್ತಿರಲಿಲ್ಲ, ಯಾವಾಗಲೂ ಕಡಿಮೆಯೇ ಬರುತ್ತಿತ್ತು. ಅಷ್ಟು ಎಚ್ಚರದ ಹುಡುಗ ಹೀಗೇಕೆ ಎಡವುತ್ತಾನೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅವನ ಮಡಿಯನ್ನು ನೋಡುತ್ತಿದ್ದೆ, ಲೆಕ್ಕವನ್ನೂ ನೋಡುತ್ತಿದ್ದೆ, ಎರಡನ್ನೂ ಸೇರಿಸಿ ನೋಡಿರಲಿಲ್ಲ. ಅನ್ನ ತಣ್ಣಗಾಗುತ್ತಿದೆಯೆಂದು ಅಮ್ಮ ಗದರಿದಳು.

ಕಲಿಸುವವರಿಗೆ ಇದು ಗೊತ್ತೇ ಇರುತ್ತದೆ, ಆದರೂ ಹೇಳುತ್ತೇನೆ. ಫ್ಲಾಸ್ಕನ್ನು ಬರೀ ನೀರಿನಲ್ಲಿ ತೊಳೆಯಬೇಕು. ಪಿಪೆಟ್ಟನ್ನು ನೀರಿನಲ್ಲಿ ತೊಳೆದ ಮೇಲೆ, ಯಾವ ದ್ರಾವಣ ಅಳೆಯುತ್ತೀರೋ ಅದರಲ್ಲೇ ಇನ್ನೊಮ್ಮೆ ಜಾಲಿಸಬೇಕು. ಇಲ್ಲದಿದ್ದರೆ ಒಳಗೆ ಅಂಟಿಕೊಂಡ ನೀರಿನ ಹನಿಗಳು ಸೋಡಾವನ್ನು ತೆಳ್ಳಗೆ ಮಾಡುತ್ತವೆ, ಆಸಿಡ್ ಕಡಿಮೆ ಸಾಕಾಗುತ್ತದೆ. ಒಂದೊಂದು ಸಲ ಒಂದೊಂದು ಅಳತೆಯ ನೀರು ಉಳಿಯುವುದರಿಂದ ಒಂದು ರೀಡಿಂಗಿನಂತೆ ಇನ್ನೊಂದು ಬರುವುದಿಲ್ಲ. ಬಾಯಿಡುವ ತುದಿಯನ್ನಷ್ಟೇ ತೊಳೆದರೂ ನೀರು ಒಳಗೆ ಇಳಿದೇ ಇಳಿಯುತ್ತದೆ.

ಮುಂದಿನ ಲ್ಯಾಬಿನಲ್ಲಿ ನಾನು ಹೇಳುವ ಮೊದಲೇ ಗೌಡ ಜಗಳಕ್ಕೆ ಬಂದ.

"ನೀವ್ ಕೊಟ್ಟಿರೋ ಆಸಿಡ್ಡೇ ಸರಿಯಿಲ್ಲ ಕಣ್ ಮೇಡಂ. ಒಂದ್ಸಲ ಇಂಗ್ ಬತ್ತದೆ, ಒಂದ್ಸಲ ಅಂಗ್ ಬತ್ತದೆ. ಇಂಗಾದ್ರೆ ನಂಗೆ ಡಾಕ್ಟ್ರು ಸೀಟು ಸಿಕ್ಕಂಗೇ."

"ಆಸಿಡ್ ಸರಿಯಾಗಿದೆ. ನಿನ್ನ ಪಿಪೆಟ್ಟಿನೊಳಗೆ ನೀರಿದೆ" ಎಂದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಗಾಜಿನ ಹೊಟ್ಟೆಗೆ ಹನಿಗಳು ಕಚ್ಚಿಕೊಂಡಿದ್ದವು. ವಿವರಿಸಿದೆ. ಬುದ್ಧಿವಂತ, ತಕ್ಷಣ ಅರ್ಥವಾಯಿತು. ಆದರೆ ಬುದ್ಧಿವಂತರು ದಾರಿ ಬಿಡುವುದಿಲ್ಲ, ಇನ್ನೊಂದು ದಾರಿ ಹುಡುಕುತ್ತಾರೆ. ಪ್ರತಿಸಲ ನಲ್ಲಿಯಲ್ಲಿ ತೊಳೆದು, ಆಮೇಲೆ ಪ್ರತಿಸಲ ಸೋಡಾದಲ್ಲಿ ಜಾಲಿಸಿ ಚೆಲ್ಲತೊಡಗಿದ. ರೀಡಿಂಗು ಸರಿಯಾಯಿತು. ಮುಖ ಅರಳಿತು. ಬೆಂಚಿಗೆ ಕೊಟ್ಟಿದ್ದ ಒಂದು ಬಾಟಲಿ ಸೋಡಾ ಮಾತ್ರ ಲ್ಯಾಬು ಅರ್ಧವಾಗುವಷ್ಟರಲ್ಲಿ ತಳ ಕಂಡಿತು. ಸಿದ್ದಯ್ಯನದು ಇನ್ನೂ ಒಂದು ರೀಡಿಂಗೂ ಸರಿಯಾಗಿ ಬಂದಿರಲಿಲ್ಲ.

ಅವನು ಖಾಲಿ ಬಾಟಲಿಯನ್ನು ಎತ್ತಿ ಹಿಡಿದು ನೋಡಿದ. ನಂತರ ಅದನ್ನು ಮೆಲ್ಲಗೆ ಕೆಳಗಿಟ್ಟು, ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದ:

"ಗೌಡ್ರೇ, ನಿಮ್ಮೆಂಜ್ಲು ನಂಗೂ ಎಂಜ್ಲೇಯ. ನಾನೇನ್ ತೊಳ್ಕಂಡ್ನಾ? ನೀವ್ ಮಾಡ್ತಿರೋ ಮಡಿಗೆ ನನ್ ಪಾಲಿನ್ ಸೋಡಾನೂ ಓಯ್ತಲ್ಲ!"

ಆ ಕಾಲದಲ್ಲಿ ಆ ಮಾತು ಆಡುವುದು ಹುಡುಗಾಟವಲ್ಲ. ಅವನ ಹಳ್ಳಿಯಲ್ಲಿ ಆಡಿದ್ದರೆ ಅಪ್ಪನ ಕೂಲಿಗೇ ಸಂಚಕಾರ ಬರುತ್ತಿತ್ತು. ಗೌಡನ ಕಿವಿ ಕೆಂಪಾಯಿತು. "ಲೇ..." ಎಂದು ಬಾಯಿ ತೆಗೆದವನು ಖಾಲಿ ಬಾಟಲಿಯ ಕಡೆ ನೋಡಿದ. ಸೋಡಾ ಖಾಲಿಯಾಗಿದ್ದು ಎಲ್ಲರಿಗೂ ಕಾಣುತ್ತಿತ್ತು. ನನಗಂತೂ ಎದೆ ತುಂಬಿ ಬಂದಿತ್ತು, ಅದನ್ನು ತೋರಿಸಿಕೊಳ್ಳದಿರಲು ಇನ್ನಷ್ಟು ಗಟ್ಟಿ ದನಿ ಮಾಡಿದೆ:

"ಎಲ್ಲರೂ ಕೇಳಿಸಿಕೊಳ್ಳಿ. ಶುರುವಿನಲ್ಲಿ ಒಂದು ಸಲ ನೀರು, ಒಂದು ಸಲ ಸೋಡಾ. ಅಲ್ಲಿಂದ ಮುಂದೆ ಲ್ಯಾಬು ಮುಗಿಯುವ ತನಕ ಪಿಪೆಟ್ಟು ನಲ್ಲಿಯ ಹತ್ತಿರ ಹೋಗಕೂಡದು. ಹೋದರೆ ಆ ಬೆಂಚಿನ ರೀಡಿಂಗು ನಾನು ನೋಡುವುದಿಲ್ಲ. ಇನ್ನೊಂದು ತೊಟ್ಟು ಸೋಡಾನೂ ಕೊಡುವುದಿಲ್ಲ."

ಸಿದ್ದಯ್ಯನಿಗೆ ಮಾತ್ರ ನನ್ನ ಮೇಜಿನಿಂದ ಸೋಡಾ ಕೊಟ್ಟೆ. ಕೆಂಪು ದಾರ ಬಿಚ್ಚಿ ಕಸಕ್ಕೆ ಹಾಕಿ, ಆ ಪಿಪೆಟ್ಟನ್ನು, ತಮ್ಮದರ ತುದಿ ಮುರಿದುಕೊಂಡು ಕೂತಿದ್ದ ಬೇರೊಂದು ಬೆಂಚಿನವರಿಗೆ ದಾಟಿಸಿದೆ.

ಸಂಜೆ ಕೃಷ್ಣಮೂರ್ತಿಗಳು ಬಂದರು. ಮೇಜಿನ ಮೇಲೆ ಕಣ್ಣಾಡಿಸಿದರು, ದಾರ ಕಾಣಲಿಲ್ಲ. ಬಯ್ಯಲು ಕನ್ನಡಕ ಸರಿಮಾಡಿಕೊಂಡವರು ನನ್ನ ಹಿಂದಿನ ಕರಿಹಲಗೆ ನೋಡಿ ನಿಂತುಬಿಟ್ಟರು. ಕೊನೆಯ ಗಂಟೆಯಲ್ಲಿ ಬಂದ ಎಲ್ಲ ಬೆಂಚುಗಳ ರೀಡಿಂಗನ್ನೂ ಅಲ್ಲಿ ಬರೆಸಿದ್ದೆ. ಒಂದರ ಕೆಳಗೊಂದು, ಹೆಚ್ಚುಕಡಿಮೆ ಒಂದೇ ಸಂಖ್ಯೆ. ಪಿಯುಸಿ ಬ್ಯಾಚಿನಲ್ಲಿ ಅಂಥದ್ದನ್ನು ಅವರು ಕಂಡಿರಲಿಲ್ಲ.

"ಏನು ಮಾಡಿಸಿದೆಯಮ್ಮ?"

"ನಲ್ಲಿಗೆ ಹೋಗೋದು ನಿಲ್ಲಿಸಿದೆ ಸರ್."

ಮನುಷ್ಯ ಮಡಿವಂತ, ಆದರೆ ಅದಕ್ಕಿಂತ ಮೊದಲು ಕೆಮಿಸ್ಟ್. "ರೀಡಿಂಗ್ ಕೂಡುತ್ತಾ ಇದ್ದರೆ ಸರಿ" ಎಂದು ಛತ್ರಿ ತೆಗೆದುಕೊಂಡು ಹೊರಟುಹೋದರು. ದಾರದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮೇಲಿನವರನ್ನು ಒಪ್ಪಿಸಬೇಕಾದಾಗ ಭಾಷಣ ಬಿಗಿಯಬೇಡಿ, ಅವರು ಯಾವುದನ್ನು ಗೌರವಿಸುತ್ತಾರೋ ಅದನ್ನು ಮುಂದಿಡಿ.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ನಂಜೇಗೌಡ ನಿಯಮ ಪಾಲಿಸಿದ, ನಲ್ಲಿಗೆ ಹೋಗಲಿಲ್ಲ. ಆದರೆ ಲ್ಯಾಬು ಶುರುವಾದ ಕೂಡಲೇ ಪಿಪೆಟ್ಟನ್ನು ತಾನೇ ಮೊದಲು ಕೈಗೆತ್ತಿಕೊಂಡು, ತನ್ನ ರೀಡಿಂಗುಗಳೆಲ್ಲ ಮುಗಿದ ಮೇಲೆ ಸಿದ್ದಯ್ಯನಿಗೆ ಕೊಡುತ್ತಿದ್ದ. ವರ್ಷವಿಡೀ ಹಾಗೆಯೇ. ಸಿದ್ದಯ್ಯ ಬಾಯಿಟ್ಟ ಮೇಲೆ ತಾನು ಬಾಯಿಡುವ ಪ್ರಸಂಗ ಬಾರದಂತೆ ನೋಡಿಕೊಂಡ. ನನಗೆ ಕಾಣುತ್ತಿತ್ತು. ಇದಕ್ಕೂ ಒಂದು ನಿಯಮ ಮಾಡಲೇ ಎಂದು ಒಂದು ದಿನ ಸಿದ್ದಯ್ಯನನ್ನೇ ಕೇಳಿದೆ.

"ಬ್ಯಾಡಿ ಮೇಡಂ. ಅವ್ರು ಮೊದ್ಲು, ನಾನು ಆಮ್ಯಾಕೆ. ಪಿಪೆಟ್ ಒಂದೇ ಅಲ್ವಾ? ಸದ್ಯಕ್ಕೆ ನಂಗದು ಸಾಕು" ಎಂದ. ಆರ್ಟ್ಸಿನ ಮಾತನ್ನು ಅವನು ಬಿಟ್ಟಿದ್ದ. ನನಗದು ಸಾಕಾಗಿರಲಿಲ್ಲ, ಆದರೆ ಬಾಯಿ ಅವನದು, ಮಾನ ಅವನದು, ನಾನು ಸುಮ್ಮನಾದೆ.

ಪಬ್ಲಿಕ್ ಪರೀಕ್ಷೆಯ ದಿನ ಬೆಂಚಿಗೊಬ್ಬರಂತೆ, ಆಳಿಗೊಂದು ಪಿಪೆಟ್ಟು. ಇದ್ದಬದ್ದುದೆಲ್ಲ ಹಂಚಿಹೋಗಿತ್ತು. ಇನ್ನೊಂದೆರಡು ಬೀರುವಿನಲ್ಲಿದ್ದರೂ ಕೀಲಿ ಕೃಷ್ಣಮೂರ್ತಿಗಳ ಹತ್ತಿರ, ಅವರು ಬೇರೆ ಊರಿಗೆ ಪರೀಕ್ಷಕರಾಗಿ ಹೋಗಿದ್ದರು. ಮೈಸೂರಿನಿಂದ ಬಂದಿದ್ದ ಪರೀಕ್ಷಕರು ಕಟ್ಟುನಿಟ್ಟಿನವರು, ಕೆಮ್ಮಿದರೂ ತಿರುಗಿ ನೋಡುವವರು. ಮಾತಾಡಿದವನನ್ನು ಹೊರಗೆ ಕಳಿಸುತ್ತೇನೆಂದು ಶುರುವಿಗೇ ಹೇಳಿದ್ದರು. ಸೋಡಾ ಎಲ್ಲರಿಗೂ ಒಂದೇ, ಆಸಿಡ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬಗೆ. ನಂಜೇಗೌಡ, ಅವನ ಪಕ್ಕದ ಬೆಂಚಿನಲ್ಲಿ ಸಿದ್ದಯ್ಯ.

ಗೌಡನಿಗೆ ಒಂದು ರೀಡಿಂಗು ಮುಗಿದಿತ್ತು, ತಾಳೆ ನೋಡುವ ಎರಡನೆಯದು ಬಾಕಿ. ಫ್ಲಾಸ್ಕು ತೊಳೆಯಲು ತಿರುಗಿದವನ ಮೊಣಕೈ ತಾಗಿ ಪಿಪೆಟ್ಟು ನೆಲಕ್ಕೆ ಬಿದ್ದು ಚೂರಾಯಿತು. ಬಾಟಲಿಯಲ್ಲಿ ಉಳಿದ ಸೋಡಾ ಒಂದು ಸಲ ಪಿಪೆಟ್ಟು ತುಂಬುವಷ್ಟು ಮಾತ್ರ, ಜಾಲಿಸಿ ಚೆಲ್ಲಲು ಇರಲಿಲ್ಲ. ಒಂದೇ ಒಂದು ರೀಡಿಂಗು ಬರೆದವನಿಗೆ ಡಾಕ್ಟರ್ ಸೀಟಿನ ಅಂಕ ಯಾರು ಕೊಡುತ್ತಾರೆ? ನನ್ನನ್ನು ನೋಡಿದ. ನಾನು ಬರಿಗೈ ತೋರಿಸಿದೆ.

ಸಿದ್ದಯ್ಯ ಆಗಷ್ಟೇ ಮುಗಿಸಿದ್ದ. ಕೊಡದೇ ಇರಬಹುದಿತ್ತು. ಕೊಡುವಾಗ ಪರೀಕ್ಷಕರ ಕಣ್ಣಿಗೆ ಬಿದ್ದರೆ ಇವನ ವರ್ಷವೂ ಹೋಗುತ್ತಿತ್ತು. ನಾನಾಗಿದ್ದರೆ ಕೊಡುತ್ತಿರಲಿಲ್ಲ, ನನ್ನ ಸ್ವಭಾವ ಬಲ್ಲವರು ಇದನ್ನು ಒಪ್ಪುತ್ತಾರೆ. ಅವನು ತನ್ನ ಪಿಪೆಟ್ಟನ್ನು ಪಕ್ಕದ ಬೆಂಚಿನತ್ತ ಚಾಚಿದ.

ಗೌಡ ಅದನ್ನು ಕೈಗೆ ತೆಗೆದುಕೊಂಡು, ರೂಢಿಯಂತೆ, ನಲ್ಲಿಯ ಕಡೆಗೆ ಒಂದು ಹೆಜ್ಜೆ ಇಟ್ಟ.

"ತೊಳೀಬ್ಯಾಡ ಕಣ್ಲಾ," ಸಿದ್ದಯ್ಯ ತಲೆಯೆತ್ತದೆ ಪಿಸುಗುಟ್ಟಿದ. "ಸೋಡಾದಾಗೇ ಐತೆ."

ವರ್ಷವಿಡೀ ಗೌಡ್ರೇ ಎಂದ ಬಾಯಿ ಅದು. ನಂಜೇಗೌಡ ನಿಂತ. ನಲ್ಲಿ ನೋಡಿದ, ಕೈಯಲ್ಲಿದ್ದ ಪಿಪೆಟ್ಟಿನ ಒದ್ದೆ ತುದಿ ನೋಡಿದ. ಬೆಂಚಿಗೆ ಹಿಂದಿರುಗಿ, ಉಳಿದ ಸೋಡಾದಲ್ಲಿ ಅದ್ದಿ, ತುಟಿಗಿಟ್ಟು ಎಳೆದ. ದ್ರಾವಣ ಗೆರೆ ದಾಟಿ ನಿಂತಿತು.

ಲ್ಯಾಬಿನ ಆ ತುದಿಯಿಂದ ಪರೀಕ್ಷಕರು ತಿರುಗಿದರು.

"ಯಾರದು ಅಲ್ಲಿ ಮಾತು?"

"ನಂದೇ ಸರ್," ಎಂದೆ.